ಪಬ್ಲಿಕ್ ನೆಟ್‌ವರ್ಕಿನಲ್ಲಿ ಅತ್ತೆ

ನನ್ನ ಸೋದರತ್ತೆ ತೀರಿಕೊಂಡ ಹತ್ತನೆಯ ದಿನ ಬೆಳಿಗ್ಗೆ ನಾನು ಮತ್ತು ಮಾವ ಹೊಳೆನರಸೀಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೂತಿದ್ದೆವು. ಬೆಳಿಗ್ಗೆ ಎಂದರೆ ಹತ್ತೂವರೆ ಇದ್ದಿರಬಹುದು, ಹನ್ನೊಂದೂ ಇದ್ದಿರಬಹುದು. ಇಂಥ ಕಡೆ ನೆನಪು ಎಲ್ಲಿಂದಲೋ ಒಂದು ಹದವಾದ ಬಿಸಿಲು ತಂದು, ಬೇಕಾದವರ ಮುಖದ ಮೇಲೆ ಬಿಟ್ಟು, ಎಲ್ಲವನ್ನೂ ಚೆಂದ ಮಾಡಿಕೊಡುತ್ತದೆ. ನಾನು ಅದನ್ನು ನಂಬುವುದಿಲ್ಲ. ನಂಬದಿರುವುದಕ್ಕೆ ಅವತ್ತೇ ಒಂದು ಗಟ್ಟಿ ಕಾರಣವೂ ಸಿಕ್ಕಿತು.

ನಮಗೆ ಬೇಕಾಗಿದ್ದದ್ದು ಒಂದು ಫೋಟೋ. ಮಾರನೆಯ ದಿನ ಹನ್ನೊಂದನೆಯ ದಿನದ ಕಾರ್ಯ. ನಮ್ಮ ಕಡೆ ಅವತ್ತು ಸತ್ತವರ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ, ಅದರ ಮುಂದೆ ಎಡೆ ಇಡುತ್ತಾರೆ. ಕ್ಯಾಮೆರಾ ಬರುವ ಮೊದಲು ಸತ್ತವರು ಹೇಗೆ ಊಟ ಮಾಡುತ್ತಿದ್ದರೋ ಗೊತ್ತಿಲ್ಲ. ಈಗಂತೂ ಫೋಟೋ ಮೊಳದಗಲ ಇಲ್ಲದಿದ್ದರೆ ಎಡೆ ತಲುಪುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ.

ಹಾಗೆ ನೋಡಿದರೆ ಮನೆಯಲ್ಲಿ ಆಗಲೇ ಒಂದು ಫೋಟೋ ಇತ್ತು. ಅತ್ತೆಯ ಮಗ ಅರಕಲಗೂಡಿನಲ್ಲಿ ಮಾಡಿಸಿ ತಂದಿದ್ದ. ಆಧಾರ್ ಕಾರ್ಡಿನಿಂದ ಮುಖವನ್ನು ಕತ್ತರಿಸಿ, ಅದಕ್ಕೆ ಮೂರು ಸುತ್ತು ಬಿಳಿ ಬಣ್ಣ ಬಳಿದು, ಸ್ಟುಡಿಯೋದವರ ಹತ್ತಿರ ಸದಾ ಸಿದ್ಧವಾಗಿರುವ ಒಂದು ರೇಷ್ಮೆ ಸೀರೆಯ ದೇಹದ ಮೇಲೆ ಕೂರಿಸಿದ್ದರು. ಹಿಂದೆ ಹಿಮದ ಬೆಟ್ಟ. ಐವತ್ತು ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟಿದ ಹೆಂಗಸು, ಸತ್ತ ಒಂದೇ ವಾರದಲ್ಲಿ ಹಿಮಾಲಯಕ್ಕೆ ಹೋಗಿ, ಬೆಳ್ಳಗಾಗಿ, ಎರಡೆಳೆ ಸರವನ್ನೂ ಸಂಪಾದಿಸಿದ್ದಳು. ಇಷ್ಟು ಪ್ರಗತಿ ಬದುಕಿದ್ದಾಗ ಆಗಿರಲಿಲ್ಲ.

ಮಾವ ಅದನ್ನು ಕೈಯಲ್ಲಿ ಹಿಡಿದು ಬಹಳ ಮರ್ಯಾದೆಯಿಂದ ಕೇಳಿದರು: "ಯಾರವ್ವಾ ಇವ್ರು? ಯಾವೂರೋರು?"

"ಅಪ್ಪಾ, ಅವ್ವ ಕಣಪ್ಪ ಅದು," ಅಂದ ಮಗ.

"ನಿಮ್ಮವ್ವ ಇಂಗಿದ್ದಿದ್ರೆ ನಂಗ್ಯಾಕ್ಲಾ ಕೊಡೋರು?"

ನಾವು ನಕ್ಕೆವು. ಮಾವ ನಗಲಿಲ್ಲ. ಫೋಟೋವನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟು, "ನಾಳಿಕೆ ಈವಮ್ಮನ ಮುಂದೆ ನಾನ್ ಎಡೆ ಇಕ್ಕಾಕಿಲ್ಲ ಕಣ್ಲಾ," ಅಂದರು. "ಗುರ್ತು ಪರಿಚಯ ಇಲ್ದೋರ್ಗೆ ಉಣ್ಣಕ್ಕಿಕ್ಕಿ, ನಮ್ಮೋಳು ಉಪಾಸ ಓಗ್ಬೇಕಾ?"

ಇದು ಹಠವಲ್ಲ, ಲೆಕ್ಕಾಚಾರ ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಡೆ ವಿಳಾಸ ನೋಡಿಕೊಂಡು ಹೋಗುತ್ತದೆ, ವಿಳಾಸವೇ ತಪ್ಪು. ಸರಿಯಾದ ಫೋಟೋ ಸಿಗದಿದ್ದರೆ ಕಾರ್ಯಕ್ಕೆ ಅವರು ಕೂರುವುದಿಲ್ಲ, ಅವರು ಕೂರದಿದ್ದರೆ ಕಾರ್ಯವಿಲ್ಲ. ಊರಿಗೆಲ್ಲ ಊಟಕ್ಕೆ ಹೇಳಿ ಆಗಿತ್ತು.

ಆಗ ನಾನು ಬಾಯಿ ಹಾಕಿದೆ. ಹಾಸನದಲ್ಲಿ ಪಾಠ ಹೇಳುವ ಕೆಲಸದಲ್ಲಿರುವುದರಿಂದ ಯಾರೂ ಕೇಳದಿದ್ದರೂ ಉತ್ತರ ಕೊಡುವ ಅಭ್ಯಾಸ ನನಗಿದೆ. "ನಾಕು ವರ್ಷದ ಕೆಳಗೆ ನಿಮ್ಮ ಮಗಳ ಮದುವೇಲಿ ಅತ್ತೆದೊಂದು ಒಳ್ಳೆ ಫೋಟೋ ತೆಗೆದಿದ್ರು ಮಾವ. ಹಳದಿ ರೇಷ್ಮೆ ಸೀರೆ. ಕಂಬಕ್ಕೆ ಒರಗಿ ನಗ್ತಾ ನಿಂತಿದ್ರು. ನಾನೇ ನೋಡಿದೀನಿ."

ನಾನು ನೋಡಿದ್ದೆ. ಸೀರೆಯ ಅಂಚಿನ ಬಣ್ಣವನ್ನೂ ಹೇಳಬಲ್ಲವಳಾಗಿದ್ದೆ. ಮಾವ ಅಷ್ಟಕ್ಕೇ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮದುವೆ ನಡೆದದ್ದು ಹೊಳೆನರಸೀಪುರದ ಕಲ್ಯಾಣ ಮಂಟಪದಲ್ಲಿ, ಫೋಟೋ ತೆಗೆದದ್ದು ಅಲ್ಲಿಯದೇ ಸ್ಟುಡಿಯೋದವರು. ಅವರು ಕೊಟ್ಟ ಆಲ್ಬಂ ಮನೆಯಲ್ಲಿತ್ತು. ಅದರಲ್ಲಿ ಅತ್ತೆ ನಾಲ್ಕು ಪುಟಗಳಲ್ಲಿದ್ದಾಳೆ, ನಾಲ್ಕರಲ್ಲೂ ಒಂದು ಕಂಪ್ಯೂಟರ್ ಗುಲಾಬಿಯ ಹಿಂದೆ. ಉಳಿದ ಫೋಟೋಗಳೆಲ್ಲ ಸ್ಟುಡಿಯೋದಲ್ಲೇ ಇರಬೇಕು.

ಇದ್ದವು. ಸ್ಟುಡಿಯೋ ನಡೆಸುತ್ತಿದ್ದವರು ಗಂಡ ಹೆಂಡತಿ. ಗಂಡ ಫೋಟೋ ತೆಗೆಯುವವರು, ಐವತ್ತರ ಆಸುಪಾಸು, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಹೆಂಡತಿ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಗುಲಾಬಿ ಹಾಕುವವರು. ಹೊರಗಿನ ಮೇಜಿನ ಮೇಲೆ ಇನ್ನೊಂದು ಹಳೆಯ ಕಂಪ್ಯೂಟರ್. ಅದೇ ಅವರ ಉಗ್ರಾಣ: ಹನ್ನೆರಡು ವರ್ಷದ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಅದರೊಳಗೆ. ಫೋಟೋ ತಿದ್ದುವುದು, ಪ್ರಿಂಟ್ ತೆಗೆಯುವುದು ಒಳಗಿನದ್ದರಲ್ಲಿ ಮಾತ್ರ. ಎರಡರ ನಡುವೆ ಒಂದು ನೀಲಿ ಕೇಬಲ್, ಮಧ್ಯದಲ್ಲಿ ಒಂದು ರೂಟರ್. ಒಳಗಿನವರು ಹೊರಗಿನ ಉಗ್ರಾಣವನ್ನು ಕೂತಲ್ಲಿಂದಲೇ ತೆರೆದು ಬೇಕಾದ್ದನ್ನು ತೆಗೆದುಕೊಳ್ಳುವ ವ್ಯವಸ್ಥೆ.

ಯಜಮಾನರು ಹೊರಗಿನ ಕಂಪ್ಯೂಟರಿನಲ್ಲಿ ನಮ್ಮ ಮದುವೆಯನ್ನು ಹುಡುಕಿ ತೆಗೆದರು. ಸಾವಿರದ ಚಿಲ್ಲರೆ ಫೋಟೋ. ಮಾವ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ನಾನು ಹಳದಿ ಸೀರೆಗಾಗಿ ಕಾಯುತ್ತಾ ನಿಂತೆ.

ಹಳದಿ ಸೀರೆ ಬರಲಿಲ್ಲ. ಅತ್ತೆ ಆ ಮದುವೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಉಟ್ಟಿದ್ದದ್ದು ಪಾಚಿ ಹಸಿರಿನ ಸೀರೆ. ಕಂಬಕ್ಕೆ ಒರಗಿರಲಿಲ್ಲ, ಆ ಮಂಟಪದಲ್ಲಿ ಕಂಬವೇ ಇರಲಿಲ್ಲ. ನಗು ಎಲ್ಲೂ ಇರಲಿಲ್ಲ. ನಾನು ನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ನೆನಪೊಂದು ಅರಕಲಗೂಡಿನ ಸ್ಟುಡಿಯೋದವರ ಕೆಲಸಕ್ಕಿಂತ ಒಂದು ಕೈ ಮೇಲಿತ್ತು ಅಷ್ಟೆ. ಹಿಮದ ಬೆಟ್ಟ ಒಂದನ್ನು ಬಿಟ್ಟರೆ ನಾನೂ ಎಲ್ಲವನ್ನೂ ಹಾಕಿದ್ದೆ.

"ಎಲ್ಲವ್ವಾ ಅಳದಿ ಸೀರೆ?" ಅಂದರು ಮಾವ.

"ಮುಂದೆ ಬರಬೋದು."

ಮುಂದೆ ಬಂದದ್ದು ಊಟದ ಪಂಕ್ತಿಯ ಒಂದು ಫೋಟೋ. ಗುರಿ ಇಟ್ಟದ್ದು ಯಾರಿಗೋ, ಕ್ಯಾಮೆರಾ ಹಿಡಿದದ್ದು ಅತ್ತೆಯನ್ನು. ಹಸಿರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಪಲ್ಯದ ಬಕೆಟ್ ಹಿಡಿದು, ಇನ್ನೊಂದು ಕೈಯ ಬೆರಳು ಎತ್ತಿ, ಬಾಯಿ ಪೂರಾ ತೆರೆದು ಯಾರಿಗೋ ಬಯ್ಯುತ್ತಿದ್ದಾಳೆ. ಮೂಗುಬೊಟ್ಟಿನ ಕಲ್ಲು ಕಾಣುವಷ್ಟು ನಿಚ್ಚಳ.

ಮಾವ ಒಂದೇ ಮಾತು ಹೇಳಿದರು. "ಇದೇಯ."

"ಬೇರೆ ಇದಾವೆ ಸಾ, ಸುಮ್ನೆ ನಿಂತಿರೋವು," ಅಂದರು ಯಜಮಾನರು.

"ಅವಳ್ಯಾವಾಗ ಸುಮ್ಕೆ ನಿಂತಿದ್ಲು? ಇದುನ್ನೇ ಮಾಡ್ಕೊಡಿ."

ಅಲ್ಲಿಗೆ ನಮ್ಮ ಕೆಲಸ ಮುಗಿಯಬೇಕಿತ್ತು. ಯಜಮಾನರು ಒಳಗೆ ಕೂಗಿ ಫೋಟೋದ ನಂಬರ್ ಹೇಳಿದರು. ಒಳಗಿನಿಂದ ಸ್ವಲ್ಪ ಹೊತ್ತು ಕಿಟಕಿಟ ಸದ್ದು. ಆಮೇಲೆ ಹೆಂಡತಿಯ ದನಿ: "ರೀ, ಉಗ್ರಾಣ ತೆಗೀತಿಲ್ಲ ಕಣ್ರೀ. ಆ ಕಂಪ್ಯೂಟ್ರೇ ಇಲ್ಲ ಅಂತಿದೆ."

"ಇಲ್ಲ ಅಂದ್ರೆ? ನನ್ ಮುಂದೇ ಇದೆಯಲ್ಲೇ."

"ನಿಮ್ ಮುಂದಿದ್ರೆ ಏನ್ ಬಂತು? ನನಗೆ ಇಲ್ಲ ಅಂತಿದೆ."

ಹೊರಗಿನ ಪರದೆಯಲ್ಲಿ ಅತ್ತೆ ಬಯ್ಯುತ್ತಿದ್ದಳು. ಪ್ರಿಂಟರ್ ಅಲ್ಲಿಂದ ಎಂಟು ಹೆಜ್ಜೆ. ಮದುವೆ ಸೀಸನ್ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಎರಡು ವಾರದಿಂದ ಯಾರಿಗೂ ಉಗ್ರಾಣದ ಅಗತ್ಯ ಬಿದ್ದಿರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬರುವವರು ತಮ್ಮ ಮುಖವನ್ನು ತಾವೇ ತಂದಿರುತ್ತಾರೆ.

"ಪೆನ್‌ಡ್ರೈವಲ್ಲಿ ಹಾಕ್ಕೊಡಿ," ಅಂದೆ, ಯಾರಾದರೂ ಹೇಳುವಂತೆ.

ಯಜಮಾನರು ಕಂಪ್ಯೂಟರಿನ ಡಬ್ಬವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಪೆನ್‌ಡ್ರೈವಿನ ತೂತುಗಳೆಲ್ಲ ಮುಚ್ಚಿದ್ದವು, ಸೋರುವ ನಲ್ಲಿಗೆ ಮೆತ್ತುವ ಅಂಟಿನಿಂದ. ಹಿಂದೊಮ್ಮೆ ಯಾರೋ ಗಿರಾಕಿ ತಂದ ಪೆನ್‌ಡ್ರೈವಿನಿಂದ ವೈರಸ್ ಬಂದು ಒಂದು ಇಡೀ ಮದುವೆಯನ್ನು, ಆರತಿಯಿಂದ ಧಾರೆಯವರೆಗೆ, ತಿಂದುಹಾಕಿತ್ತಂತೆ. ಅವತ್ತೇ ಸಂಜೆ ಅಂಟು ಕಲಸಿದರಂತೆ. ಮೌಸ್ ಕಿತ್ತು ಆ ತೂತಿಗೆ ಹಾಕೋಣವೆಂದರೆ ಮೌಸಿನ ಸುತ್ತಲೂ ಅಂಟು, ಕೀಬೋರ್ಡಿಗೂ ಅದೇ. ಆ ಮೌಸ್ ಆ ಕಂಪ್ಯೂಟರಿನೊಂದಿಗೆ ಸಹಗಮನ ಮಾಡುವುದೆಂದು ನಿಶ್ಚಯವಾಗಿತ್ತು.

"ಮೇಲ್ ಮಾಡಿ ಮತ್ತೆ. ವಾಟ್ಸಾಪ್ ಮಾಡಿ."

"ನೆಟ್ ಇಲ್ಲ ಮೇಡಂ. ರೂಟರ್ ಹೊಸದು ಬಂದಿದೆ, ನೆಟ್ ಬಂದಿಲ್ಲ. ಕೇಬಲ್‌ನೋನು ಸಂಜೆಗೆ ಬರುತ್ತೆ ಅಂದ."

"ಯಾವತ್ತು ಸಂಜೆಗೆ ಅಂತ ಕೇಳಿ ಮೇಡಂ," ಒಳಗಿನಿಂದ ಹೆಂಡತಿ. "ಎರಡು ವಾರ ಆಯ್ತು ಆ ಸಂಜೆಗೆ."

ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಪರದೆಯ ಮೇಲಿದ್ದ ಅತ್ತೆಯ ಫೋಟೋವನ್ನೇ ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದರು. ಮೂವತ್ತು ವರ್ಷದ ಅನುಭವ ಇದ್ದವರು, ಉಸಿರು ಕಟ್ಟಿ ತೆಗೆದರು. ಬಂದ ಚಿತ್ರದಲ್ಲಿ ಅತ್ತೆಯ ಮೈಮೇಲೆಲ್ಲ ಅಡ್ಡಡ್ಡ ಗೆರೆ.

"ಸೊಳ್ಳೆ ಪರದೆ ಒಳ್ಗಿಂದ ಬಯ್ದಂಗೈತೆ," ಅಂದರು ಮಾವ. "ಬ್ಯಾಡ."

ಎರಡು ಗಂಟೆಗೆ ಯಜಮಾನರು ಕ್ಯಾಮೆರಾ ಹೊತ್ತುಕೊಂಡು ಚನ್ನರಾಯಪಟ್ಟಣಕ್ಕೆ ಹೊರಡಬೇಕಿತ್ತು, ಒಂದು ನಾಮಕರಣಕ್ಕೆ. ಹೆಂಡತಿಯೂ ಜೊತೆಗೆ, ಅಂಗಡಿಗೆ ಬೀಗ. ಹುಟ್ಟಿದವರಿಗೆ ಸತ್ತವರಿಗಿಂತ ಅವಸರ ಹೆಚ್ಚು. ಗಂಟೆ ಹನ್ನೆರಡು ದಾಟಿತ್ತು.

ಇಲ್ಲಿ ನಾನು ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಬಹಳ ಹಿಂದೆ ಹಾಸನದಲ್ಲಿ ಆರು ತಿಂಗಳು ನೆಟ್‌ವರ್ಕಿಂಗ್ ಕಲಿತು ಒಂದು ಸರ್ಟಿಫಿಕೇಟ್ ಪಡೆದಿದ್ದೇನೆ. ಅದನ್ನು ಎಂದೂ ಬಳಸಿಲ್ಲ. ಬಳಸದ್ದರಿಂದ ಅದು ಹಾಳೂ ಆಗಿಲ್ಲ. "ಸ್ವಲ್ಪ ಸರೀರಿ, ನಾನು ನೋಡ್ತೀನಿ," ಅಂದೆ. ಮಾವನ ಮುಖದಲ್ಲಿ ಭರವಸೆ ಕಂಡಿತು ಅಂತ ಬರೆಯಬಹುದು. ನಿಜವಾಗಿ ನಾನು ಅವರ ಮುಖ ನೋಡಲಿಲ್ಲ.

ಕೇಬಲ್ ಕಿತ್ತು ಮತ್ತೆ ಹಾಕಿದೆ. ಎರಡೂ ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಉಗ್ರಾಣದ ಫೋಲ್ಡರನ್ನು ಹಂಚಿಕೊಳ್ಳಲು ಅನುಮತಿ ಇದೆಯೇ ನೋಡಿದೆ. ಇತ್ತು, ಎಲ್ಲರಿಗೂ ಇತ್ತು, ನನಗೂ ಮಾವನಿಗೂ ದಾರಿಯಲ್ಲಿ ಹೋಗುವವರಿಗೂ ಇತ್ತು. ಹೊರಗಿನ ಕಂಪ್ಯೂಟರಿನಲ್ಲಿ 'ನೆಟ್‌ವರ್ಕ್' ಎಂಬುದನ್ನು ಮೂರು ಸಲ ಒತ್ತಿ ತೆರೆದೆ, ಮೂರು ಸಲವೂ ಬರೀ ಬಿಳಿ ಬಯಲು. ಒಳಗೆ ಹೋಗಿ ಅಲ್ಲಿಂದ ಹೊರಗಿನ ಕಂಪ್ಯೂಟರಿಗೆ ಪಿಂಗ್ ಮಾಡಿದೆ. ಪಿಂಗ್ ಎಂದರೆ ಒಂದು ಯಂತ್ರ ಇನ್ನೊಂದನ್ನು 'ಇದ್ದೀಯಾ?' ಎಂದು ಕೂಗುವುದು. ನಾಲ್ಕು ಸಲ ಕೂಗಿತು. ನಾಲ್ಕು ಸಲವೂ ಉತ್ತರವಿಲ್ಲ.

ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಾನ್ ಇಲ್ಲಿ ಮಾತಾಡುದ್ರೆ ಅಲ್ಗೆ ಕೇಳುಸ್ತದೆ. ಅದುಕ್ಕೇನ್ ದಾಡಿ?"

"ಕೇಳುಸ್ತಾ ಇದೆ ಮಾವ. ಬೇಕಂತ ಉತ್ತರ ಕೊಡ್ತಿಲ್ಲ. ಅದರೊಳಗೆ ಫೈರ್‌ವಾಲ್ ಅಂತ ಒಂದು ಕಾವಲು ಇರುತ್ತೆ. ಹೊರಗಿನವರು ಯಾರೂ ಒಳಗೆ ಬರದ ಹಾಗೆ ತಡೆಯೋದು."

"ಈವಮ್ಮ ಒರಗ್ನೋರಾ? ಗಂಡ ಅಲ್ಲಿ, ಎಂಡ್ತಿ ಇಲ್ಲಿ."

"ಅದನ್ನೇ ಅದಕ್ಕೆ ಹೇಳಬೇಕು."

ಯಜಮಾನರು ಅಷ್ಟರಲ್ಲಿ ಹಾಸನದ ಒಬ್ಬ ರಿಪೇರಿಯವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದರು. ಅವನು ಏನೋ ತಿನ್ನುತ್ತಿದ್ದ. "ಫೈರ್‌ವಾಲ್ ಆಫ್ ಮಾಡ್ಬುಡಿ ಸಾ. ನಾನ್ ಎಲ್ಲರ್ಗೂ ಅದೇ ಏಳೋದು. ಆಫ್ ಮಾಡಿ, ಮರ್ತ್ಬುಡಿ."

"ಆಫ್ ಮಾಡಿದ್ರೆ ವೈರಸ್ ಬರುತ್ತಲ್ಲಪ್ಪಾ?"

"ಬಂದ್ರೆ ನಾನೂ ಬತ್ತೀನಿ ಸಾ," ಅಂದು ಫೋನ್ ಇಟ್ಟ.

ಯಜಮಾನರು ಎರಡೂ ಕೈ ಅಡ್ಡ ಹಿಡಿದು ಕಂಪ್ಯೂಟರಿನ ಮುಂದೆ ನಿಂತುಬಿಟ್ಟರು. ಕಾವಲು ತೆಗೆಯುವ ಮಾತೇ ಇಲ್ಲ. ಒಂದು ಮದುವೆ ಹೋಗಿರುವುದೇ ಸಾಕು. ಹೆಂಡತಿ ಒಳಗಿನಿಂದ ಎದ್ದು ಬಂದರು. "ಕಳ್ರಿಗೂ ಬೀಗ, ಹೆಂಡತಿಗೂ ಬೀಗ. ನಿಮ್ಮ ಉಗ್ರಾಣದಲ್ಲಿ ನೀವೇ ಕೂತ್ಕೊಂಡು ನೋಡ್ಕೊಳ್ಳಿ, ಚೆನ್ನಾಗಿರುತ್ತೆ."

"ನಿನಗೆ ಗೊತ್ತಾಗಲ್ಲ ಸುಮ್ನಿರು."

"ಹೂಂ. ಗೊತ್ತಾಗೋರು ಮೂರು ಜನ ಸೇರಿ ಒಂದು ಫೋಟೋನ ಎಂಟು ಹೆಜ್ಜೆ ತರೋಕಾಗಿಲ್ಲ."

ಈ ಒಂದು ವಿಷಯದಲ್ಲಿ ನಾನು ಯಜಮಾನರ ಪಕ್ಷ. ಕಾವಲುಗಾರ ಒಬ್ಬರನ್ನು ಗುರುತಿಸಲಿಲ್ಲವೆಂದು ಕಾವಲನ್ನೇ ತೆಗೆಯಬಾರದು. ಜೊತೆಗೆ ತಿನ್ನುತ್ತಾ ಮಾತಾಡುವವನ ಸಲಹೆಯಿಂದ ನನ್ನ ಸರ್ಟಿಫಿಕೇಟಿಗೆ ಅವಮಾನ. ಹಾಗಾಗಿ ಪಾಠದ ಮೊದಲ ದಿನ ಹೇಳಿಕೊಟ್ಟ ಪ್ರಶ್ನೆಯನ್ನು ಕೊನೆಗೆ ಕೇಳಿದೆ: ಇದು ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ?

"ಆಯುಧ ಪೂಜೆ ಹಿಂದಿನ ದಿನ," ಅಂದರು ಹೆಂಡತಿ.

"ಆಮೇಲೆ ಏನು ಬದಲಾಯ್ತು?"

ಹೆಂಡತಿ ಗಂಡನ ಹಣೆಯ ಕಡೆ ನೋಡಿದರು.

ಆಯುಧ ಪೂಜೆಯ ದಿನ ಇವರ ಮನೆತನದಲ್ಲಿ ಪ್ರತಿಯೊಂದು ಆಯುಧಕ್ಕೂ ವಿಭೂತಿ ಧಾರಣೆ. ಕ್ಯಾಮೆರಾ, ಲೈಟು, ಕೊಡೆ, ಸ್ಕೂಟರ್, ಕತ್ತರಿ, ಎರಡು ಕಂಪ್ಯೂಟರ್. ಯಜಮಾನರು ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಎಳೆಯುತ್ತಾ ಬಂದು, ಮಿಣಮಿಣ ಎನ್ನುತ್ತಿದ್ದ ರೂಟರ್ ಎದುರಾದಾಗ ಅದನ್ನೂ ಬಿಡಲಿಲ್ಲ. ರೂಟರಿನ ಬೆನ್ನ ಮೇಲೆ ಗಾಳಿಯಾಡಲು ಸಣ್ಣ ಕಂಡಿಗಳಿರುತ್ತವೆ. ಮೂರು ಗೆರೆಯೂ ಅದರ ಮೇಲೆ ಧಾರಾಳವಾಗಿ ಬಿದ್ದವು. ಶಿವಸಾಯುಜ್ಯಕ್ಕೆ ಅದು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲವಂತೆ.

ಹಾಗೆ ಹೊಸ ರೂಟರ್ ಬಂತು. ಕೇಬಲಿನವನು ಹಾಕಿ ಹೋದ.

"ಹಾಕಿದ ತಕ್ಷಣ ಈ ಹೊರಗಿನ ಕಂಪ್ಯೂಟರ್ ಏನಾದ್ರೂ ಕೇಳಿತಾ? ಒಂದು ಪ್ರಶ್ನೆ ಬಂದಿರಬೇಕು. ಈ ನೆಟ್‌ವರ್ಕಲ್ಲಿ ಬೇರೆ ಕಂಪ್ಯೂಟರಿಗೆ ಕಾಣಿಸ್ಕೋಬೋದಾ ಅಂತ."

"ಏನೋ ಕೇಳ್ತು ಮೇಡಂ."

"ನೀವೇನಂದ್ರಿ?"

ಯಜಮಾನರು ಎದೆ ಮುಂದೆ ಮಾಡಿದರು. "ನೋ ಅಂದೆ."

"ಯಾಕೆ?"

"ಬ್ಯಾಂಕ್‌ನೋರು ಅಂಗಡಿ ಅಂಗಡಿಗೆ ಬಂದು ಹೇಳಿ ಹೋಗಿದಾರೆ ಮೇಡಂ. ಫೋನಲ್ಲಾಗ್ಲಿ ಕಂಪ್ಯೂಟರಲ್ಲಾಗ್ಲಿ ಗೊತ್ತಿಲ್ಲದೋರು ಏನೇ ಕೇಳಿದ್ರೂ ನೋ ಅನ್ನಿ ಅಂತ. ಅವತ್ತಿಂದ ನಾನು ಯಾವುದಕ್ಕೂ ಯೆಸ್ ಅಂದಿಲ್ಲ."

"ಯಾವುದಕ್ಕೂ?"

"ಯಾವುದಕ್ಕೂ."

"ನಿಜ ಮೇಡಂ," ಅಂದರು ಹೆಂಡತಿ. "ನಾನೂ ಕೇಳಿ ನೋಡಿದೀನಿ."

ಹೊಸ ರೂಟರ್ ಬಂದಾಗ ಕಂಪ್ಯೂಟರಿಗೆ ತಾನು ಯಾವುದೋ ಹೊಸ ಊರಿಗೆ ಬಂದಂತೆ ಅನ್ನಿಸುತ್ತದೆ. ಆಗ ಅದು ಒಂದೇ ಮಾತು ಕೇಳುವುದು: ಇದು ಮನೆಯೋ, ಬೀದಿಯೋ? ನೋ ಎಂದರೆ ಬೀದಿ ಅಂದುಕೊಳ್ಳುತ್ತದೆ. ಅದರ ಭಾಷೆಯಲ್ಲಿ ಪಬ್ಲಿಕ್. ಅಲ್ಲಿಂದ ಮುಂದೆ ಅದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಕೂತ ಪ್ರಯಾಣಿಕನಂತೆ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು, ಪಕ್ಕದಲ್ಲಿ ಕೂತವರು ಎಷ್ಟು ಮಾತಾಡಿಸಿದರೂ ಬೇರೆ ಕಡೆ ನೋಡುತ್ತದೆ. ಫೈರ್‌ವಾಲ್ ಆ ಚೀಲದ ಜಿಪ್ಪು. ಎರಡು ವಾರದಿಂದ ನಮ್ಮ ಅತ್ತೆ, ಹನ್ನೆರಡು ವರ್ಷದ ಮದುಮಕ್ಕಳೊಂದಿಗೆ, ಆ ಚೀಲದೊಳಗೆ ಇದ್ದಳು.

ಕಾಯಿಲೆ ತಿಳಿದ ಮೇಲೆ ಮದ್ದು ಸುಲಭ. ಬೀದಿಯಲ್ಲ, ಮನೆ ಎಂದು ಅದಕ್ಕೆ ತಿಳಿಸಿದರೆ ಆಯಿತು. ಎಲ್ಲಿ ತಿಳಿಸುವುದೆಂಬುದು ಮಾತ್ರ ನನಗೆ ನೆನಪಿಗೆ ಬರಲಿಲ್ಲ. ಕಲಿತಾಗ ಇದ್ದ ಬಾಗಿಲುಗಳನ್ನೆಲ್ಲ ಈಗ ಬೇರೆ ಬೇರೆ ಗೋಡೆಗೆ ಇಟ್ಟಿದ್ದರು. ಸೆಟ್ಟಿಂಗ್ ತೆಗೆದೆ, ಮುಚ್ಚಿದೆ. ಮತ್ತೊಂದು ತೆಗೆದೆ. ಮತ್ತೆ 'ನೆಟ್‌ವರ್ಕ್' ಒತ್ತಿದೆ. ಬಿಳಿ ಬಯಲು.

ಮಾವ ಸ್ಟೂಲಿನಲ್ಲಿ ಕೂತು ಕೆಳಗಿನಿಂದ ಪರದೆಯನ್ನು ನೋಡುತ್ತಿದ್ದರು. "ಅದೇನೋ ಪಟ್ಟಿ ಬಂತಲ್ಲವ್ವಾ, ಊವಿನ್ ಸಂದೀಲಿ."

"ಎಲ್ಲಿ?"

"ಮ್ಯಾಲೆ. ಆರದ ಇಂದುಗಡೆ."

ಆಯುಧ ಪೂಜೆಯಲ್ಲಿ ಹಾಕಿದ ಸೇವಂತಿಗೆ ಹಾರ ಪರದೆಯ ನೆತ್ತಿಯಿಂದ ಇನ್ನೂ ಇಳಿಬಿದ್ದಿತ್ತು. ಒಣಗಿ ಕಂದಾಗಿ, ಪರದೆಯ ಮೇಲಿನ ನಾಲ್ಕು ಬೆರಳು ಜಾಗವನ್ನು ಮುಚ್ಚಿಕೊಂಡಿತ್ತು. ನಾನು ಅದನ್ನು ಇಷ್ಟು ಹೊತ್ತೂ ಕಂಪ್ಯೂಟರಿನ ಒಂದು ಭಾಗವೆಂದೇ ಭಾವಿಸಿದ್ದೆ. ತೆಗೆಯಲು ಕೈ ಚಾಚಿದರೆ ಯಜಮಾನರು, "ಮುಟ್ಬೇಡಿ ಮೇಡಂ, ದೀಪಾವಳಿ ಅಮಾವಾಸ್ಯೆಗೇ ತೆಗೆಯೋದು," ಅಂದರು. ಅಂದು, ತಾವೇ ಒಂದು ಪೆನ್ನಿನಿಂದ ಹಾರವನ್ನು, ಮದುಮಗಳ ಮುಸುಕು ಸರಿಸುವಂತೆ, ಮೆಲ್ಲಗೆ ಎತ್ತಿ ಹಿಡಿದರು.

ಅದರ ಕೆಳಗೆ ಒಂದು ಪಟ್ಟಿ. ಅದರಲ್ಲಿ ಬರೆದಿತ್ತು: ಫೈಲ್ ಹಂಚಿಕೆ ನಿಂತಿದೆ, ಬದಲಾಯಿಸಲು ಇಲ್ಲಿ ಒತ್ತಿ. ನಾನು ಆ ಪುಟವನ್ನು ತೆರೆದಾಗಲೆಲ್ಲ, ನಾಲ್ಕು ಸಲವೂ, ಅದು ಬಂದು ಹೂವಿನ ಹಿಂದೆ ನಿಂತು ಹೇಳಿ ಹೋಗಿತ್ತು.

ಒತ್ತಿದೆ. ಪರದೆಯ ನಡುವೆ ಒಂದು ಪ್ರಶ್ನೆ ಬಂತು, ಕೆಳಗೆ ಎರಡು ಉತ್ತರ. ಒಂದು ನೋ ಎಂದು ಶುರುವಾಗುತ್ತಿತ್ತು, ಇನ್ನೊಂದು ಯೆಸ್ ಎಂದು. ಗೆದ್ದ ಸಂತೋಷದಲ್ಲಿ ನಾನು ಎದ್ದು ಮೌಸನ್ನು ಯಜಮಾನರ ಕೈಗೆ ಕೊಟ್ಟೆ. ಮಾಡಿದ ತಪ್ಪನ್ನು ಅವರೇ ತಿದ್ದಲಿ ಎಂಬ ಮೇಷ್ಟರ ಬುದ್ಧಿ. "ಈ ಒಂದು ಸಲ, ಒಂದೇ ಒಂದು ಸಲ, ಯೆಸ್ ಅನ್ನಿ."

"ಯೆಸ್," ಅಂದರು ಯಜಮಾನರು ಬಾಯಲ್ಲಿ. ಕೈ ತನ್ನ ಪಾಡಿಗೆ ಹೋಗಿ ನೋ ಒತ್ತಿತು.

"ಅಯ್ಯೋ!" ಎಂದೆ ನಾನು.

"ಬಂತು!" ಎಂದರು, ಅಷ್ಟರಲ್ಲಿ ಒಳಗೆ ಹೋಗಿ ಕೂತಿದ್ದ ಹೆಂಡತಿ. "ರೀ, ಉಗ್ರಾಣ ಬಂತು!"

ಆಮೇಲೆ ಆ ಪ್ರಶ್ನೆಯನ್ನು ಪೂರ್ತಿ ತಿಳಿದುಕೊಂಡೆ. ಅದು ಕೇಳಿದ್ದು: ಎಲ್ಲ ಬೀದಿಗಳಲ್ಲೂ ಹಂಚಿಕೊಳ್ಳಲೇ? ಯೆಸ್ ಎಂದರೆ ಹೌದು, ಎಲ್ಲ ಬೀದಿಯಲ್ಲೂ. ನೋ ಎಂದರೆ, ಬೇಡ, ನಾನಿರುವ ಈ ಜಾಗವನ್ನು ಮನೆ ಎಂದು ತಿಳಿ. ಸರಿಯಾದ ಉತ್ತರ ನೋ. ನಾನು ಮೊದಲ ಪದವನ್ನಷ್ಟೇ ಓದಿದ್ದೆ. ಯಜಮಾನರು ಅದನ್ನೂ ಓದಿರಲಿಲ್ಲ. ಅವರು ನನ್ನ ಕಡೆ ತಿರುಗಿ ಬ್ಯಾಂಕಿನವರ ದೂರದೃಷ್ಟಿಯ ಬಗ್ಗೆ ಒಂದೆರಡು ಮಾತಾಡಿದರು. ಕೇಳಿಸಿಕೊಂಡೆ. ಸರ್ಟಿಫಿಕೇಟಿನ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ, ಅದೊಂದು ಪುಣ್ಯ.

ಒಳಗಿನ ದೊಡ್ಡ ಪರದೆಯಲ್ಲಿ ಅತ್ತೆ ಪೂರಾ ತ್ರಾಣದಲ್ಲಿ ಬಂದಳು. ನಾವು ನಾಲ್ವರೂ ಒಂದು ಹೆಜ್ಜೆ ಹಿಂದೆ ಸರಿದೆವು. ಆ ಬೆರಳು ಹಾಗಿತ್ತು.

ಈಗ ಶುರುವಾಯಿತು ಇವರ ವೃತ್ತಿಧರ್ಮ. "ಬಾಯಿ ಮುಚ್ಚಿಸ್ಬೋದು," ಅಂದರು ಹೆಂಡತಿ, ಬಹಳ ಸಲೀಸಾಗಿ. "ನಗಿಸ್ಲೂಬೋದು. ಹತ್ತು ಹನ್ನೆರಡು ಥರ ನಗು ಇಟ್ಟಿದೀನಿ. ಬಕೆಟ್ ತೆಗೆದು ಕೈ ಮುಗಿಸ್ತೀನಿ."

"ಏನೂ ಮುಟ್ಬ್ಯಾಡಿ," ಅಂದರು ಮಾವ.

"ಈ ಕಿವಿನಾದ್ರೂ ತೆಗೀತೀನಿ ಬಿಡಿ." ಫೋಟೋದ ಕೆಳಗಿನ ಮೂಲೆಯಲ್ಲಿ, ಪಂಕ್ತಿಯ ಈಚೆ ಕೂತ ಯಾರದೋ ಒಂದು ಕಿವಿ, ಸ್ವಲ್ಪ ನರೆಗೂದಲು, ಮಸುಕಾಗಿ ಬಂದಿತ್ತು. ಹೊರಗಿನ ಚಿಕ್ಕ ಪರದೆಯಲ್ಲಿ ನಮಗದು ಕಂಡೇ ಇರಲಿಲ್ಲ. ಆಕೆ ಅದರ ಸುತ್ತ ಗೆರೆ ಹಾಕಿದರು. ಗೆರೆ ಇರುವೆ ಸಾಲಿನಂತೆ ಓಡತೊಡಗಿತು.

ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಗ್ಗಿದರು. ಕಿವಿಯಲ್ಲಿ ಒಂದು ಚಿನ್ನದ ಒಂಟಿ. ಅವರ ಕೈ ತಮ್ಮ ಕಿವಿಯ ಒಂಟಿಗೆ ಹೋಯಿತು.

"ಇದು ನಂದೇ ಕಣವ್ವಾ."

ಹೆಂಡತಿ ಮೌಸಿನಿಂದ ಕೈ ತೆಗೆದರು.

"ಉಣ್ಣಕ್ಕೆ ಕೂತ್ಕಂಡಿದ್ದೆ. ಅರ್ಧಕ್ಕೇ ಎದ್ದೋಗಕ್ ನೋಡ್ತಿದ್ದೆ, ಬೀಗ್ರು ಬಂದ್ರು ಅಂತ. ಅದುಕ್ಕೆ ಬಯ್ತಾವ್ಳೆ. ಎಲೆ ಮುಂದಿಂದ ಎದ್ರೆ ಕಾಲ್ ಮುರೀತೀನಿ ಅಂದ್ಲು."

ನಿಜವಾಗಿ ಹಾಗೆಂದಳೋ ಇಲ್ಲವೋ. ನಾಲ್ಕು ವರ್ಷದ ಹಿಂದಿನ ಗದ್ದಲದ ಪಂಕ್ತಿ. ಬೇರೆ ಯಾರಿಗೋ ಪಲ್ಯದ ವಿಚಾರಕ್ಕೆ ಬಯ್ದಿರಲೂಬಹುದು. ಒಂದು ಕಿವಿಯ ಆಧಾರದ ಮೇಲೆ ಇಷ್ಟು ದೊಡ್ಡ ಮಾತು ಕಟ್ಟುವುದನ್ನು ಬೇರೆ ದಿನವಾಗಿದ್ದರೆ ನಾನು ಪ್ರಶ್ನಿಸುತ್ತಿದ್ದೆ. ಅವತ್ತು ಪ್ರಶ್ನಿಸುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

"ಹಾಗಾದ್ರೆ ತೆಗೆಯಲೇಬೇಕು," ಅಂದರು ಹೆಂಡತಿ ಗಾಬರಿಯಿಂದ. "ಬದುಕಿರೋರ ಕಿವಿಗೆ ಯಾರಾದ್ರೂ ಹಾರ ಹಾಕ್ತಾರಾ? ಅಪಶಕುನ ಅಲ್ವಾ?"

"ಹೌದು ಸಾ, ಅದು ಇರಬಾರದು," ಅಂದರು ಯಜಮಾನರೂ. ಆ ದಿನ ಮೊದಲ ಸಲ ಗಂಡ ಹೆಂಡತಿ ಒಂದೇ ಮಾತಾಡಿದ್ದರು.

"ಇರ್ಲಿ ಬುಡಿ," ಅಂದರು ಮಾವ. "ಅವಳು ಬಯ್ಯಾದು ಮತ್ಯಾರ್ಗೆ?"

ಪ್ರಿಂಟ್ ಬಂತು. ಗಂಡ ಹೆಂಡತಿ ಬೀಗ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ ಹಿಡಿದರು. ನಾವು ಕಟ್ಟು ಹಾಕಿಸಿಕೊಂಡು ಅರಕಲಗೂಡಿನ ಬಸ್ ಹತ್ತಿದೆವು. ಮಾವ ಫೋಟೋವನ್ನು ಪೇಪರಿನಲ್ಲಿ ಸುತ್ತಿಸಿ ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಪಕ್ಕ ತಾವು ಕೂರದೆ ನನ್ನನ್ನು ಕೂರಿಸಿದರು. ಅವರ ಕಣ್ಣಲ್ಲಿ ನೀರಿತ್ತು ಎಂದು ಬರೆದರೆ ಈ ಜಾಗಕ್ಕೆ ಒಪ್ಪುತ್ತದೆ. ಅವರು ನಿದ್ದೆ ಮಾಡುತ್ತಿದ್ದರು.

ಮಾರನೆಯ ದಿನ ಗೋಡೆಗೆ ಎರಡು ಫೋಟೋ. ಮಾಡಿಸಿದ್ದು ದಂಡವಾಗಬಾರದೆಂದು ಮಗ ಹಿಮಾಲಯದ ಅತ್ತೆಯನ್ನೂ ಪಕ್ಕದಲ್ಲಿ ಇಟ್ಟಿದ್ದ. ಬಂದ ನೆಂಟರಲ್ಲಿ ಹೆಚ್ಚಿನವರು ಬೆಳ್ಳನೆಯವಳಿಗೆ ಕೈ ಮುಗಿದರು. ಅಲ್ಲಿ ಬಯ್ಯಿಸಿಕೊಳ್ಳುವ ಭಯವಿರಲಿಲ್ಲ. ಕೆಲವರು ಇಬ್ಬರಿಗೂ ಮುಗಿದರು. ಒಬ್ಬ ಹಿರಿಯರು ಕಿವಿಯನ್ನು ಗುರುತು ಹಿಡಿದು, "ಇದೇನ್ ಅನ್ಯಾಯ, ಅದ್ರು ಮ್ಯಾಲೆ ಒಂದ್ ಊವಾದ್ರೂ ಮಡಗ್ರಿ," ಅಂದರು. ಮಗ ಒಂದು ಚೆಂಡುಹೂವು ಸಿಕ್ಕಿಸಿದ. ಮಾವ ಎಲೆ ಹಿಡಿದು ಬಂದು, ಮೊದಲು ಹೂವನ್ನು ಕಿತ್ತು ಪಕ್ಕಕ್ಕಿಟ್ಟು, ಹಸಿರು ಸೀರೆಯ ಮುಂದೆ ಎಡೆ ಇಟ್ಟರು. ಮುದ್ದೆ, ಸಾರು, ಪಲ್ಯ, ಅವಳಿಗೆ ಇಷ್ಟವಾದ ಕಜ್ಜಾಯ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುವುದು ಪದ್ಧತಿ. ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಎಲ್ಲರೂ ಬಂದೆವು. ಬಾಗಿಲು ಮುಚ್ಚಿತು. ಎಣಿಸಿ ನೋಡಿದರೆ ಮಾವ ಒಳಗೇ ಇದ್ದರು.

ಐದು ನಿಮಿಷ ಕಾದೆವು. ಚಪ್ಪರದಲ್ಲಿ ಜನ ಸಾಲಾಗಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡು ಕಾಯುತ್ತಿದ್ದರು. ಮಗ ಬಾಗಿಲಿಗೆ ಬಾಯಿ ಇಟ್ಟು, "ಅಪ್ಪಾ, ಒರಗೆ ಬಾರಪ್ಪಾ, ಅವ್ವ ಉಣ್ಲಿ," ಅಂದ.

ಒಳಗಿನಿಂದ ಮಾವನ ದನಿ ಬಂತು.

"ತಡೀಲಾ. ಇನ್ನೂ ಬಯ್ತಾವ್ಳೆ."